ವಾರಕ್ಕೆ 12 ಗಂಟೆಯ ಕಿಡ್ನಿ

ಕಿಡ್ನಿ ನಿಂತವರ ರಕ್ತವನ್ನು ಯಂತ್ರದಲ್ಲಿ ಸೋಸುವುದೇ ಡಯಾಲಿಸಿಸ್. ಅದಕ್ಕೆ ಹೋದಾಗ ಮೊದಲ ಕೆಲಸ ತೂಕ ನೋಡಿಸುವುದು. ಚಪ್ಪಲಿ ಬಿಟ್ಟು, ಜೇಬಿನ ಮೊಬೈಲು, ಬೀಗದ ಕೈ ತೆಗೆದಿಟ್ಟು, ಪ್ರತಿ ಸಲವೂ ಅದೇ ಯಂತ್ರದ ಮೇಲೆ, ಹೆಚ್ಚುಕಡಿಮೆ ಅಷ್ಟೇ ದಪ್ಪದ ಬಟ್ಟೆಯಲ್ಲಿ ನಿಲ್ಲಬೇಕು. ದಪ್ಪ ಸ್ವೆಟರ್ ತೊಟ್ಟು ನಿಂತರೆ ಆ ಅರ್ಧ ಕೆ.ಜಿ.ಯೂ ನೀರಿನ ಲೆಕ್ಕಕ್ಕೆ ಸೇರಿ, ಅಷ್ಟನ್ನೂ ಮೈಯಿಂದಲೇ ಎಳೆದುಬಿಡುತ್ತಾರೆ. ಮೂತ್ರ ನಿಂತುಹೋದವರಿಗೆ ಎರಡು ಡಯಾಲಿಸಿಸ್‌ಗಳ ನಡುವೆ ಏರುವ ತೂಕ ಬಹುಪಾಲು ನೀರೇ.

"ಅಣ್ಣಾ, ಇವತ್ತು ಎಷ್ಟು ತೆಗೀಲಿ?" ಎಂದು ಟೆಕ್ನಿಷಿಯನ್ ಕೇಳುವುದು ಈ ನೀರನ್ನೇ. ಉತ್ತರ ಕೊಡುವ ಮೊದಲು ಲೆಕ್ಕ ನಾವೇ ಹಾಕಿಕೊಂಡಿರಬೇಕು. ಮೈಯಲ್ಲಿ ಹೆಚ್ಚುವರಿ ನೀರಿಲ್ಲದಾಗಿನ ತೂಕಕ್ಕೆ ಡ್ರೈ ವೇಟ್ ಎನ್ನುತ್ತಾರೆ. ಅದು 60 ಕೆ.ಜಿ. ಎಂದುಕೊಳ್ಳಿ. ಇವತ್ತಿನ ತೂಕ 62.8. ಅಂದರೆ 2.8 ಲೀಟರ್ ಹೆಚ್ಚಿದೆ. ಕೊನೆಯಲ್ಲಿ ಟ್ಯೂಬಿನಲ್ಲಿ ಉಳಿದ ರಕ್ತವನ್ನು ಮೈಗೆ ಮರಳಿಸಲು ಬಿಡುವ ಸಲೈನ್ 200 ಮಿ.ಲೀ., ನಡುವೆ ಕುಡಿಯುವ ಅರ್ಧ ಲೋಟ ಕಾಫಿ 100 ಮಿ.ಲೀ. ಒಟ್ಟು 3.1 ಲೀಟರ್ ತೆಗೆಯಬೇಕು. ನಾಲ್ಕು ಗಂಟೆಗೆ ಹಂಚಿದರೆ ಗಂಟೆಗೆ 775 ಮಿ.ಲೀ. ಅದನ್ನು 60ರಿಂದ ಭಾಗಿಸಿದರೆ, ಮೈಯ ಪ್ರತಿ ಕೆ.ಜಿ.ಗೆ ಗಂಟೆಗೆ 12.9 ಮಿ.ಲೀ. ಮೂತ್ರಪಿಂಡ ತಜ್ಞರು ಇದಕ್ಕೆ 13ರ ಗಡಿ ಹಾಕಿಕೊಂಡಿದ್ದಾರೆ. ಅದರಾಚೆಗೆ ಹೃದಯಕ್ಕೆ ಪೆಟ್ಟು ಬೀಳುವ ಸಂಭವ ಹೆಚ್ಚು. ಅದೇ ಮನುಷ್ಯ 65 ಕೆ.ಜಿ. ಆಗಿ ಬಂದರೆ 5.3 ಲೀಟರ್ ತೆಗೆಯಬೇಕಾಗುತ್ತದೆ. ನಾಲ್ಕೇ ಗಂಟೆಯಲ್ಲಿ ತೆಗೆದರೆ ಆ ಅಂಕಿ 22 ದಾಟುತ್ತದೆ. ಗಡಿಯೊಳಗೆ ತೆಗೆಯಲು ಆರೂಮುಕ್ಕಾಲು ಗಂಟೆಗೂ ಮಿಕ್ಕಿ ಬೇಕು, ಅಷ್ಟು ಹೊತ್ತು ಮಂಚ ಬಿಟ್ಟುಕೊಡುವ ಕೇಂದ್ರ ಸಿಗುವುದು ಕಷ್ಟ.

ಹೊಸದಾಗಿ ಡಯಾಲಿಸಿಸ್‌ಗೆ ಬರುವವರು ಮೊದಲು ತಿಳಿಯಬೇಕಾದದ್ದು ವೇಗದ ವಿಷಯ. ಆರೋಗ್ಯವಂತ ಕಿಡ್ನಿಗಳು ವಾರದ 168 ಗಂಟೆಯೂ ಕೆಲಸ ಮಾಡುತ್ತವೆ. ಒಂದೊಂದರಲ್ಲೂ ಸುಮಾರು 10 ಲಕ್ಷ ಸೋಸುಗಗಳು. ದಿನಕ್ಕೆ 180 ಲೀಟರ್‌ನಷ್ಟು ದ್ರವ ಸೋಸಿ, ಅದರಲ್ಲಿ ಬೇಕಾದದ್ದನ್ನೆಲ್ಲ ಹಿಂದಕ್ಕೆ ಹೀರಿ, ಒಂದೂವರೆ ಲೀಟರ್‌ನಷ್ಟನ್ನು ಮಾತ್ರ ಮೂತ್ರವಾಗಿ ಹೊರಹಾಕುತ್ತವೆ. ಪೊಟ್ಯಾಸಿಯಂ 3.5ರಿಂದ 5ರೊಳಗೆ, ಸೋಡಿಯಂ 135ರಿಂದ 145ರೊಳಗೆ, ರಕ್ತದ ಪಿಎಚ್ 7.35ರಿಂದ 7.45ರೊಳಗೆ ನಿಲ್ಲುವುದು ಈ ಬಿಡುವಿಲ್ಲದ ಕೆಲಸದಿಂದ. ವಾರಕ್ಕೆ ಮೂರು ಸಲ, ನಾಲ್ಕು ನಾಲ್ಕು ಗಂಟೆ ಯಂತ್ರಕ್ಕೆ ಹೋಗುವವರಿಗೆ ಸಿಗುವುದು 12 ಗಂಟೆ. ನಮ್ಮಲ್ಲಿ ಎರಡೇ ಸಲ ಹೋಗುವವರೂ ಬಹಳ, ಅವರಿಗೆ 8 ಗಂಟೆ. ಒಂದು ವಾರದ ಕೆಲಸವನ್ನು ಅಷ್ಟರಲ್ಲೇ ಮುಗಿಸಬೇಕಾದ್ದರಿಂದ ಯಂತ್ರ ಓಡುತ್ತದೆ. ಮಂಚದ ಮೇಲೆ ನಾವು ಪಡುವ ಕಷ್ಟಗಳಲ್ಲಿ ಮುಕ್ಕಾಲುಪಾಲು, ಬಿಪಿ ಬೀಳುವುದು, ಮೀನಖಂಡ ಹಿಡಿಯುವುದು, ತಲೆನೋವು, ವಾಂತಿ, ಎಲ್ಲವೂ ಈ ಓಟದವು. ಮೈಯ ಬೇರೆ ಬೇರೆ ಭಾಗಗಳು ಆ ಓಟದ ಜೊತೆಗೆ ಹೆಜ್ಜೆ ಹಾಕಲಾರವು.

60 ಕೆ.ಜಿ.ಯ ಗಂಡಸಿನ ಮೈಯಲ್ಲಿ ಸುಮಾರು 36 ಲೀಟರ್ ನೀರಿರುತ್ತದೆ. ಅದರಲ್ಲಿ 24 ಲೀಟರ್ ಜೀವಕೋಶಗಳ ಒಳಗೆ. ಹೊರಗಿನ 12 ಲೀಟರ್‌ನಲ್ಲಿ ಕೋಶಗಳ ಸಂದುಗಳಲ್ಲಿ 9, ರಕ್ತದ ದ್ರವಭಾಗವಾದ ಪ್ಲಾಸ್ಮಾದಲ್ಲಿ ಬರೀ 3. ಯಂತ್ರಕ್ಕೆ ಕೈಗೆಟುಕುವುದು ಪ್ಲಾಸ್ಮಾ ಒಂದೇ. ಇರುವ ಮೂರು ಲೀಟರ್‌ನಿಂದ ಮೂರು ಲೀಟರ್ ತೆಗೆದರೂ ನಾವು ಬದುಕಿ ಏಳುವುದು ಹೇಗೆಂದರೆ, ತೆಗೆದಷ್ಟೂ ಸಂದುಗಳಿಂದ ನೀರು ರಕ್ತನಾಳಕ್ಕೆ ಜಿನುಗಿ ಬರುತ್ತಿರುತ್ತದೆ. ಬಾವಿಗೆ ಪಂಪು ಇಟ್ಟವರಿಗೆ ಇದು ಗೊತ್ತು: ಒರತೆ ಬರುವಷ್ಟೇ ಎಳೆದರೆ ದಿನವಿಡೀ ನೀರು, ಅದಕ್ಕಿಂತ ಜೋರಾಗಿ ಎಳೆದರೆ ಸುತ್ತ ಮಣ್ಣಿನಲ್ಲಿ ನೀರಿದ್ದರೂ ಪಂಪು ಗಾಳಿ ಕುಡಿಯುತ್ತದೆ. ಕಾಲು ಊದಿಕೊಂಡೇ ಇರುವವರಿಗೂ ಮಂಚದ ಮೇಲೆ ಬಿಪಿ 80ಕ್ಕೆ ಬೀಳುವುದು ಇದೇ ಕಾರಣಕ್ಕೆ. ರಕ್ತದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಕಡಿಮೆ ಇದ್ದವರಿಗೆ, ಹೃದಯ ದುರ್ಬಲವಾದವರಿಗೆ, ಹಳೇ ಸಕ್ಕರೆ ಕಾಯಿಲೆಯವರಿಗೆ ಈ ಜಿನುಗು ಇನ್ನೂ ನಿಧಾನ.

ಸೂಜಿ ಚುಚ್ಚುವ ಮೊದಲು ಫಿಸ್ಟುಲಾ ಇರುವ ಕೈಯನ್ನು ಮೊಣಕೈವರೆಗೆ ಸೋಪು ಹಾಕಿ ತೊಳೆದುಕೊಳ್ಳಬೇಕು. ಇದನ್ನು ಮರೆತು ನೇರ ಮಂಚಕ್ಕೆ ಹೋಗುವವರೇ ಹೆಚ್ಚು, ಸೋಂಕು ಬರುವ ಮುಖ್ಯ ದಾರಿಯೂ ಅದೇ. ಫಿಸ್ಟುಲಾ ಎಂದರೆ ಕೈಯ ಅಪಧಮನಿಗೆ ಪಕ್ಕದ ಅಭಿಧಮನಿಯನ್ನು ಹೊಲಿದು ಸೇರಿಸುವುದು. 1960ರಲ್ಲಿ ಸಿಯಾಟಲ್‌ನ ಬೆಲ್ಡಿಂಗ್ ಸ್ಕ್ರಿಬ್ನರ್ ಟೆಫ್ಲಾನ್ ಕೊಳವೆಯನ್ನು ರೋಗಿಯ ಕೈಯಲ್ಲೇ ಬಿಡುವ ಉಪಾಯ ಕಂಡುಹಿಡಿಯುವ ತನಕ ಒಬ್ಬರಿಗೇ ವರ್ಷಗಟ್ಟಲೆ ಡಯಾಲಿಸಿಸ್ ಮಾಡಲು ಆಗುತ್ತಿರಲಿಲ್ಲ, ಪ್ರತಿ ಸಲವೂ ಒಂದೊಂದು ರಕ್ತನಾಳ ಹಾಳಾಗುತ್ತಿತ್ತು. 1966ರಲ್ಲಿ ನ್ಯೂಯಾರ್ಕಿನ ಬ್ರೆಶಿಯಾ, ಸಿಮಿನೊ ಮತ್ತು ಅವರ ಸಂಗಡಿಗರು ಈ ಫಿಸ್ಟುಲಾ ವಿಧಾನ ಪ್ರಕಟಿಸಿದರು. ಇವತ್ತಿಗೂ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಅಪಧಮನಿಯ ಒತ್ತಡಕ್ಕೆ ಅಭಿಧಮನಿ ಹಿಗ್ಗಿ ದಪ್ಪವಾಗಲು ಆರರಿಂದ ಎಂಟು ವಾರ ಬೇಕು. ನಾಳ 6 ಮಿ.ಮೀ. ಅಗಲ, ಚರ್ಮದಿಂದ 6 ಮಿ.ಮೀ.ಗಿಂತ ಆಳವಿಲ್ಲದೆ, ನಿಮಿಷಕ್ಕೆ 600 ಮಿ.ಲೀ. ಹರಿವು, ಈ ಮೂರು ಆರುಗಳು ಕೂಡಿದರೆ ಫಿಸ್ಟುಲಾ ಹಣ್ಣಾಯಿತು ಎಂದು ಅರ್ಥ. ಆದ್ದರಿಂದ ಡಯಾಲಿಸಿಸ್ ಬೇಕಾಗುವ ತಿಂಗಳುಗಳ ಮುಂಚೆಯೇ ಅದನ್ನು ಮಾಡಿಸಿಕೊಳ್ಳಬೇಕು. ಮುಂದೂಡಿದವರಿಗೆ ಕುತ್ತಿಗೆಗೆ ಪೈಪು ಹಾಕಬೇಕಾಗುತ್ತದೆ. ಆ ಪೈಪಿದ್ದವರಿಗೆ ಡಯಾಲಿಸಿಸ್ ಶುರುವಾದ ಅರ್ಧ ಗಂಟೆಯಲ್ಲಿ ಗಡಗಡ ಚಳಿ ಜ್ವರ ಬಂದರೆ ಪೈಪಿನ ಸೋಂಕು ರಕ್ತಕ್ಕೆ ಇಳಿದಿದೆ ಎಂದೇ ತಿಳಿಯಬೇಕು. ಪ್ಯಾರಸಿಟಮಾಲ್ ನುಂಗಿ ಮನೆಗೆ ಹೋಗುವ ಜ್ವರ ಅದಲ್ಲ, ರಕ್ತದಲ್ಲಿ ರೋಗಾಣು ಇದೆಯೇ ಎಂದು ನೋಡುವ ಕಲ್ಚರ್ ಪರೀಕ್ಷೆ ಆಗಲೇಬೇಕು.

ಸೂಜಿಗಳು ಎರಡು, ಹಿಗ್ಗಿದ ಒಂದೇ ನಾಳಕ್ಕೆ. ಕೆಂಪು ಕ್ಲಿಪ್ಪಿನದು ರಕ್ತ ತೆಗೆಯಲು, ನೀಲಿಯದು ಮರಳಿಸಲು. ಹೊಸ ಫಿಸ್ಟುಲಾಗೆ 17 ಗೇಜ್ ಸೂಜಿಯಿಂದ ಶುರುಮಾಡಿ, ಬಲಿತ ಮೇಲೆ 16, 15ಕ್ಕೆ ಹೋಗುತ್ತಾರೆ. ಗೇಜ್ ಸಂಖ್ಯೆ ಇಳಿದಷ್ಟೂ ಸೂಜಿ ದಪ್ಪ. ಹೊಲಿಗೆಯ ಜಾಗದಿಂದ ಕನಿಷ್ಠ 3 ಸೆಂ.ಮೀ. ದೂರ ಚುಚ್ಚಬೇಕು. ಎರಡು ಸೂಜಿಗಳ ತುದಿ ತೀರ ಹತ್ತಿರವಾದರೆ, ಶುದ್ಧವಾಗಿ ಬಂದ ರಕ್ತವೇ ಮತ್ತೆ ಯಂತ್ರಕ್ಕೆ ಹೋಗುತ್ತದೆ. ನಾಲ್ಕು ಗಂಟೆ ಮಲಗಿದರೂ ಮೈಯ ರಕ್ತ ಸರಿಯಾಗಿ ಶುದ್ಧವಾಗಿರುವುದಿಲ್ಲ. ನೋವಾಗದ ಜಾಗವೆಂದು ಪ್ರತಿ ಸಲ ಅಲ್ಲೇ ಚುಚ್ಚಿಸಿಕೊಳ್ಳುವ ಆಸೆ ಎಲ್ಲರಿಗೂ ಇರುತ್ತದೆ. ಅಲ್ಲಿ ನಾಳದ ಗೋಡೆ ತೆಳುವಾಗಿ ಗಂಟು ಗಂಟಾಗಿ ಉಬ್ಬುತ್ತದೆ, ಚರ್ಮ ಹೊಳೆಯತೊಡಗುತ್ತದೆ, ಒಡೆದರೆ ಪ್ರಾಣಕ್ಕೇ ಅಪಾಯ. ಏಣಿಯ ಮೆಟ್ಟಿಲಿನಂತೆ ಒಂದೊಂದು ಸಲ ಒಂದೊಂದು ಜಾಗ ಮೇಲೆ ಸರಿಯುತ್ತಾ ಹೋಗಲು ಟೆಕ್ನಿಷಿಯನ್‌ಗೆ ನಾವೇ ನೆನಪಿಸಬೇಕು.

ಇನ್ನೊಂದು ಮಾತು. ಚಳಿಯಾದರೂ ಸೂಜಿ ಇರುವ ಕೈಯ ಮೇಲೆ ಹೊದಿಕೆ ಎಳೆದುಕೊಳ್ಳಬೇಡಿ. ಮರಳಿಸುವ ಸೂಜಿ ಜಾರಿ ಹೊರಬಂದರೆ ನಿಮಿಷಕ್ಕೆ 300 ಮಿ.ಲೀ. ರಕ್ತ ಹಾಸಿಗೆಗೆ ಹೋಗುತ್ತದೆ. ಯಂತ್ರದ ಅಲಾರಂ ಪ್ರತಿ ಸಲವೂ ಇದನ್ನು ಹಿಡಿಯುತ್ತದೆ ಎಂಬ ಭರವಸೆ ಇಲ್ಲ.

ಮೈಯಿಂದ ಹೊರಟ ರಕ್ತ ಡಯಲೈಸರ್‌ಗೆ ಹೋಗುತ್ತದೆ. ನೋಡಲು ಒಂದು ಗೇಣುದ್ದದ ಪ್ಲಾಸ್ಟಿಕ್ ಕೊಳವೆ, ಒಳಗೆ ಸುಮಾರು 10,000 ಟೊಳ್ಳು ಎಳೆಗಳು, ಒಂದೊಂದರ ಒಳವ್ಯಾಸ 200 ಮೈಕ್ರಾನ್ ಆಸುಪಾಸು. ಬಿಡಿಸಿ ಹರಡಿದರೆ ಒಂದೂವರೆ ಚದರ ಮೀಟರ್ ಪೊರೆ. 1943ರಲ್ಲಿ ನೆದರ್ಲೆಂಡ್ಸ್‌ನ ಕಾಂಪೆನ್ ಎಂಬ ಊರಿನಲ್ಲಿ ವಿಲ್ಲೆಮ್ ಕೊಲ್ಫ್ ಇದೇ ಕೆಲಸವನ್ನು ಸಾಸೇಜ್ ತುಂಬುವ ಸೆಲ್ಲೋಫೇನ್ ಕೊಳವೆಯನ್ನು ಮರದ ಡ್ರಮ್ಮಿಗೆ ಸುತ್ತಿ ಮಾಡಿದ್ದರು. ಎಳೆಗಳ ಒಳಗೆ ರಕ್ತ ನಿಮಿಷಕ್ಕೆ 250ರಿಂದ 300 ಮಿ.ಲೀ., ಹೊರಗೆ ಎದುರು ದಿಕ್ಕಿನಲ್ಲಿ ಡಯಾಲಿಸಿಸ್ ದ್ರವ ನಿಮಿಷಕ್ಕೆ 500 ಮಿ.ಲೀ. ನಾಲ್ಕು ಗಂಟೆಗೆ 120 ಲೀಟರ್ ದ್ರವ ಆಯಿತು. ಮನೆಯಲ್ಲಿ ನಾವು ಎರಡು ತಿಂಗಳಲ್ಲೂ ಕುಡಿಯದಷ್ಟು ನೀರು ಒಂದು ತೆಳು ಪೊರೆಯ ಆಚೆ ನಮ್ಮ ರಕ್ತದ ಪಕ್ಕದಲ್ಲೇ ಹರಿಯುತ್ತದೆ. ಅದಕ್ಕೇ ಆರ್‌ಒ ಘಟಕದ ನೀರಿನ ಬಗ್ಗೆ ಕೇಂದ್ರದವರನ್ನು ಧೈರ್ಯವಾಗಿ ಕೇಳಬೇಕು. ಕಾರ್ಬನ್ ಫಿಲ್ಟರ್ ಸವೆದು, ನಲ್ಲಿ ನೀರಿನ ಕ್ಲೋರಿನ್‌ನ ಒಂದು ರೂಪವಾದ ಕ್ಲೋರಮಿನ್ ಒಳನುಗ್ಗಿದರೆ ರಕ್ತದ ಕೆಂಪು ಕಣಗಳು ಒಡೆಯುತ್ತವೆ. ಗಡಸು ನೀರು ಒಳಬಂದರೆ ಕ್ಯಾಲ್ಸಿಯಂ ಏರಿ ವಾಂತಿ, ತಲೆನೋವು, ಬಿಪಿ ಏರುವುದು. ಒಂದೇ ಪಾಳಿಯಲ್ಲಿ ಹಲವರಿಗೆ ಒಟ್ಟಿಗೇ ಹೀಗಾದರೆ ಸಂಶಯ ಮೊದಲು ನೀರಿನ ಮೇಲೆ ಹೋಗಬೇಕು. ಪ್ರತಿ ಪಾಳಿಗೆ ಮುಂಚೆ ಕ್ಲೋರಿನ್ ಪರೀಕ್ಷೆ ಆಗಬೇಕು, ಲೀಟರಿಗೆ 0.1 ಮಿ.ಗ್ರಾಂ ದಾಟಬಾರದು.

ಡಯಲೈಸರನ್ನು ತೊಳೆದು ಮತ್ತೆ ಬಳಸುವ ಪದ್ಧತಿ ನಮ್ಮ ಅನೇಕ ಕೇಂದ್ರಗಳಲ್ಲಿದೆ. ಸರಿಯಾಗಿ ಮಾಡಿದರೆ ತಪ್ಪೇನಿಲ್ಲ. ಆದರೆ ಅದರ ಮೇಲಿರುವ ಹೆಸರು ನಮ್ಮದೇ ಎಂದು ನಾವೇ ಓದಿ ನೋಡಬೇಕು. ಎಳೆಗಳ ಒಳಗಿನ ಜಾಗ ಹೊಸದರಲ್ಲಿದ್ದುದರ ಶೇ. 80ಕ್ಕಿಂತ ಕಡಿಮೆಯಾದರೆ ಅದನ್ನು ಎಸೆಯಬೇಕು, ತೊಳೆಯಲು ಬಳಸಿದ ರಾಸಾಯನಿಕ ಉಳಿದಿಲ್ಲವೆಂದು ಪಟ್ಟಿ ಅದ್ದಿ ಪರೀಕ್ಷಿಸಬೇಕು. ಹೆಪಟೈಟಿಸ್ ಬಿ ಲಸಿಕೆಯನ್ನು ಡಯಾಲಿಸಿಸ್‌ನವರಿಗೆ ಇಮ್ಮಡಿ ಪ್ರಮಾಣದಲ್ಲಿ ಕೊಡುತ್ತಾರೆ. ಹಾಕಿಸಿಕೊಂಡ ಮೇಲೆ ರಕ್ತದಲ್ಲಿ ಪ್ರತಿಕಾಯ 10 ದಾಟಿದೆಯೇ ಎಂದು ನೋಡಿಸಿಕೊಳ್ಳುವವರು ಕಡಿಮೆ. ನೋಡಿಸಬೇಕು.

ಮೊದಲ ಗಂಟೆ ಸಾಮಾನ್ಯವಾಗಿ ಸಲೀಸು. ಆದರೆ ಮೈಯೊಳಗೆ ದೊಡ್ಡ ಬದಲಾವಣೆ ನಡೆಯುವುದು ಆಗಲೇ. ದ್ರವದಲ್ಲಿ ಪೊಟ್ಯಾಸಿಯಂ ಸಾಮಾನ್ಯವಾಗಿ 2 ಇರುತ್ತದೆ. ರಕ್ತದಲ್ಲಿ 6.5 ಇದ್ದರೆ ಆ ಇಳಿಜಾರಿನಲ್ಲಿ ಅದು ಭರದಿಂದ ಹೊರಹೋಗುತ್ತದೆ. ಒಟ್ಟು ಪೊಟ್ಯಾಸಿಯಂನ ಶೇ. 98 ಇರುವುದು ಜೀವಕೋಶಗಳ ಒಳಗೆ, ಅದು ನಿಧಾನವಾಗಿ ಹೊರಬರಬೇಕು. ರಕ್ತದಲ್ಲಿ ಮಾತ್ರ ಥಟ್ಟನೆ ಇಳಿದಾಗ ಹೃದಯದ ಬಡಿತ ತಪ್ಪಬಹುದು. ಆದ್ದರಿಂದ ಪೊಟ್ಯಾಸಿಯಂ ಬಹಳ ಏರಿದೆ ಎಂದು ದ್ರವದಲ್ಲಿ ಅದನ್ನು ಸೊನ್ನೆಗೆ ಇಳಿಸಿ ಬೇಗ ತೆಗೆಯುವುದು ಒಳ್ಳೆಯ ವೈದ್ಯವಲ್ಲ.

ಪ್ರೋಟೀನಿನ ಕಸವಾದ ಯೂರಿಯಾದ ಕಥೆಯೂ ಹೀಗೆಯೇ. ರಕ್ತದಿಂದ ಅದು ಬೇಗ ಹೋಗುತ್ತದೆ, ಮಿದುಳಿನಿಂದ ತಡವಾಗಿ. ಆಗ ಮಿದುಳಿನ ಕಡೆ ಸಾಂದ್ರತೆ ಹೆಚ್ಚಾಗಿ ನೀರು ಅತ್ತ ಸರಿಯುತ್ತದೆ. ತಲೆನೋವು, ವಾಂತಿ, ಮಂಪರು, ಕೆಲವೊಮ್ಮೆ ಫಿಟ್ಸ್. ಯೂರಿಯಾ ಬಹಳ ಏರಿದವರಿಗೆ ಮೊಟ್ಟಮೊದಲ ಡಯಾಲಿಸಿಸ್ಸನ್ನು ಎರಡೇ ಗಂಟೆ, ರಕ್ತದ ಹರಿವು 150ರಿಂದ 200 ಮಿ.ಲೀ.ಗೆ ಇಳಿಸಿ, ಚಿಕ್ಕ ಡಯಲೈಸರ್ ಹಾಕಿ ಮಾಡುವುದು ಇದಕ್ಕಾಗಿ. ಮರುದಿನ ಮೂರು ಗಂಟೆ, ಆಮೇಲೆ ನಾಲ್ಕು. "ಇಷ್ಟು ದುಡ್ಡು ಕೊಟ್ಟು ಎರಡೇ ಗಂಟೆನಾ?" ಎಂದು ಮನೆಯವರು ಜಗಳಕ್ಕೆ ನಿಲ್ಲುವುದುಂಟು. ಆ ಎರಡು ಗಂಟೆ ರೋಗಿಯನ್ನು ಕಾಪಾಡಲೆಂದೇ ಇಟ್ಟದ್ದು.

ಮೂರನೆಯ ಗಂಟೆಯಿಂದ ನೀರಿನ ಕಷ್ಟ ಶುರು. ಬಿಪಿ ಬೀಳುವ ಮುಂಚೆ ಮೈ ಸೂಚನೆ ಕೊಡುತ್ತದೆ: ಮೇಲಿಂದ ಮೇಲೆ ಆಕಳಿಕೆ, ಹಣೆಯಲ್ಲಿ ತಣ್ಣನೆ ಬೆವರು, ಹೊಟ್ಟೆ ತೊಳಸುವುದು, ಕಿವಿಯಲ್ಲಿ ಗುಂಯ್ ಎನ್ನುವುದು, ಇದ್ದಕ್ಕಿದ್ದಂತೆ ಶೌಚಕ್ಕೆ ಹೋಗಬೇಕೆನಿಸುವುದು. ಮೊದಲ ಆಕಳಿಕೆಗೇ "ಸಿಸ್ಟರ್, ತಲೆ ತಿರುಗ್ತಿದೆ" ಎಂದು ಕರೆಯಬೇಕು. ಕಣ್ಣು ಕತ್ತಲೆ ಬಂದ ಮೇಲೆ ಕರೆಯಲು ಆಗುವುದಿಲ್ಲ. ಅವರು ಮಾಡುವುದಿಷ್ಟು: ನೀರು ತೆಗೆಯುವುದನ್ನು ನಿಲ್ಲಿಸಿ, ತಲೆ ಇಳಿಸಿ, ಕಾಲು ಎತ್ತರಿಸಿ, 100ರಿಂದ 200 ಮಿ.ಲೀ. ಸಲೈನ್ ಬಿಡುತ್ತಾರೆ. ಸಕ್ಕರೆ ಕಾಯಿಲೆಯವರಿಗೆ ಬೆರಳು ಚುಚ್ಚಿ ಶುಗರ್ ನೋಡುತ್ತಾರೆ, ಬೆವರಿಗೆ ಕಾರಣ ಅದೂ ಇರಬಹುದು. ಮೀನಖಂಡ ಹಿಡಿದಾಗಲೂ ಮೊದಲು ನೀರೆಳೆಯುವುದು ನಿಲ್ಲಬೇಕು, ಆಮೇಲೆ ಪಾದವನ್ನು ಮೊಣಕಾಲಿನ ಕಡೆಗೆ ಬಗ್ಗಿಸಿ ಹಿಡಿಯಬೇಕು. ಬರೀ ತಿಕ್ಕಿದರೆ ಪ್ರಯೋಜನ ಕಡಿಮೆ.

ತಡೆಯುವ ದಾರಿಗಳೂ ಇವೆ. ದ್ರವದ ಉಷ್ಣತೆಯನ್ನು 36 ಡಿಗ್ರಿಗೆ ಇಳಿಸಿದರೆ ಚರ್ಮದ ರಕ್ತನಾಳಗಳು ಬಿಗಿಯಾಗಿ ಬಿಪಿ ನಿಲ್ಲುತ್ತದೆ, ಸ್ವಲ್ಪ ಚಳಿಯಾಗುತ್ತದೆ ಅಷ್ಟೆ. ಬಿಪಿ ಬೀಳುವವರು ಮಂಚದ ಮೇಲೆ ಹೊಟ್ಟೆ ತುಂಬ ತಿಂಡಿ ತಿನ್ನಬಾರದು. ತಿಂದ ತಕ್ಷಣ ರಕ್ತ ಕರುಳಿನ ಕಡೆ ಹರಿಯುತ್ತದೆ, ಯಂತ್ರ ಎಳೆಯುತ್ತಿರುವ ಹೊತ್ತಿನಲ್ಲಿ ಅದು ಕೂಡದು. ಮುಂಜಾನೆಯ ಬಿಪಿ ಮಾತ್ರೆಯನ್ನು ಡಯಾಲಿಸಿಸ್ ಆದ ಮೇಲೆ ತೆಗೆದುಕೊಳ್ಳಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಬಿಪಿ ಬೀಳದಿರಲೆಂದು ದ್ರವದಲ್ಲಿ ಸೋಡಿಯಂ ಏರಿಸುವ ಅಭ್ಯಾಸ ಕೆಲವೆಡೆ ಇದೆ. ಆ ನಾಲ್ಕು ಗಂಟೆ ಹಾಯಾಗಿ ಕಳೆಯುತ್ತದೆ, ಆದರೆ ಸೋಡಿಯಂ ಮೈಗೆ ಸೇರಿ ಮನೆಗೆ ಹೋದ ಮೇಲೆ ಬಾಯಾರಿಕೆ ತಡೆಯಲಾಗುವುದಿಲ್ಲ. ಮುಂದಿನ ಸಲ ತೂಕ ಇನ್ನೂ ಹೆಚ್ಚಿರುತ್ತದೆ.

ನನ್ನ ಮಟ್ಟಿಗೆ ಡಯಾಲಿಸಿಸ್‌ನ ಅತಿ ಮುಖ್ಯ ಲೆಕ್ಕ ಉಪ್ಪಿನದು, ನೀರಿನದಲ್ಲ. 8 ಗ್ರಾಂ ಉಪ್ಪು ಮೈಗೆ ಸೇರಿದರೆ ಅದನ್ನು ರಕ್ತದ ಹದಕ್ಕೆ ತರಲು ಒಂದು ಲೀಟರ್ ನೀರು ಬೇಕು. ಮಿದುಳು ಆ ಒಂದು ಲೀಟರ್ ಕುಡಿಸಿಯೇ ತೀರುತ್ತದೆ. ಮನೆಯವರು ಲೋಟ ಬಚ್ಚಿಟ್ಟರೂ ಬಾಯಾರಿಕೆಯ ಮುಂದೆ ಯಾರ ಹಟವೂ ನಿಲ್ಲುವುದಿಲ್ಲ. ದಿನಕ್ಕೆ 10 ಗ್ರಾಂ ಉಪ್ಪು ತಿನ್ನುವವರಿಗೆ ಎರಡು ದಿನದಲ್ಲಿ 20 ಗ್ರಾಂ, ಎಂದರೆ ಎರಡೂವರೆ ಲೀಟರ್. 5 ಗ್ರಾಂಗೆ ಇಳಿಸಿದರೆ ಅದು ಒಂದೂಕಾಲು ಲೀಟರ್. ಯಂತ್ರ ಗಂಟೆಗೆ ಎಳೆಯಬೇಕಾದ ನೀರು ಅರ್ಧಕ್ಕರ್ಧ ಇಳಿಯಿತು. 5 ಗ್ರಾಂ ಎಂದರೆ ಒಂದು ಟೀ ಚಮಚ, ಮಟ್ಟವಾಗಿ. ಬೆಳಗ್ಗೆಯೇ ರೋಗಿಯ ಪಾಲಿನ ಉಪ್ಪನ್ನು ಪುಟ್ಟ ಡಬ್ಬಿಗೆ ಅಳೆದಿಟ್ಟು, ಅಡುಗೆ ಉಪ್ಪಿಲ್ಲದೆ ತೆಗೆದು, ಊಟದ ಹೊತ್ತಿಗೆ ಅದರಿಂದಲೇ ಹಾಕಿಕೊಳ್ಳುವುದು ಎಲ್ಲಕ್ಕಿಂತ ಸುಲಭ ಉಪಾಯ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕ ಮೆಣಸಿನಕಾಯಿ, ಒಣಮೀನು, ಅಂಗಡಿಯ ಚಟ್ನಿಪುಡಿ ಈ ಲೆಕ್ಕದಲ್ಲಿ ಹಿಡಿಸುವುದೇ ಇಲ್ಲ.

ಅಂಗಡಿಯಲ್ಲಿ ಸಿಗುವ ಲೋ ಸೋಡಿಯಂ ಉಪ್ಪನ್ನು ಮಾತ್ರ ಮನೆಗೆ ತರಬೇಡಿ. ಸೋಡಿಯಂ ಬದಲು ಅದರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿರುತ್ತಾರೆ. ಬಿಪಿ ಇರುವ ಇತರರಿಗೆ ಅದು ಒಳ್ಳೆಯದು, ಕಿಡ್ನಿ ನಿಂತವರಿಗೆ ವಿಷ.

ಕುಡಿಯುವ ದ್ರವ ಹಿಂದಿನ ದಿನದ ಮೂತ್ರ ಎಷ್ಟೋ ಅಷ್ಟು, ಅದರ ಮೇಲೆ 500 ಮಿ.ಲೀ. ಮಜ್ಜಿಗೆ, ಗಂಜಿ, ಸಾರು, ಪಾಯಸ ಎಲ್ಲ ಇದರೊಳಗೇ. ಮಾತ್ರೆಗಳನ್ನು ಊಟದ ಜೊತೆಗಿನ ಒಂದೇ ಲೋಟದಲ್ಲಿ ನುಂಗಿದರೆ ಎಷ್ಟೋ ಉಳಿಯುತ್ತದೆ.

ಪೊಟ್ಯಾಸಿಯಂ ವಿಷಯದಲ್ಲಿ ನಮ್ಮ ಅಡುಗೆಯನ್ನೇ ಹಿಡಿದು ಹೇಳಬೇಕು. ದಿನಕ್ಕೆ 2,000ದಿಂದ 2,500 ಮಿ.ಗ್ರಾಂ ಒಳಗಿರಬೇಕು. ಎಳನೀರಿನಲ್ಲಿ 100 ಮಿ.ಲೀ.ಗೆ ಸುಮಾರು 250 ಮಿ.ಗ್ರಾಂ ಇದೆ, 300 ಮಿ.ಲೀ. ಇರುವ ಒಂದು ಎಳನೀರಿಗೆ ದಿನದ ಪಾಲಿನ ಮೂರನೆಯ ಒಂದು ಭಾಗ ಮುಗಿಯಿತು. ಕಿಡ್ನಿಗೆ ತಂಪು ಎಂದು ನೆಂಟರು ತಂದುಕೊಡುವುದು ಅದನ್ನೇ. ಸೊಪ್ಪು, ತರಕಾರಿಗಳನ್ನು ಸಣ್ಣಗೆ ಹೆಚ್ಚಿ ಹೆಚ್ಚು ನೀರಿನಲ್ಲಿ ಬೇಯಿಸಿ ಬಸಿದರೆ ಪೊಟ್ಯಾಸಿಯಂನ ದೊಡ್ಡ ಪಾಲು ನೀರಿಗೆ ಇಳಿಯುತ್ತದೆ. ಬಸ್ಸಾರು, ಉಪ್ಪೆಸರು ಮಾಡುವ ಮನೆಗಳಲ್ಲಿ ಈ ಕೆಲಸ ದಿನವೂ ನಡೆಯುತ್ತದೆ. ಆದರೆ ಬಸಿದ ನೀರನ್ನೇ ಸಾರು ಮಾಡುತ್ತೇವಲ್ಲ! ಹಾಗಾಗಿ ಬಸ್ಸಾರಿನ ಮನೆಯಲ್ಲಿ ಕಿಡ್ನಿ ರೋಗಿಗೆ ಪಲ್ಯ ಸೇರಬಹುದು, ಸಾರು ಸೇರದು. ರಾಗಿಯಲ್ಲಿ ಅಕ್ಕಿಗಿಂತ ಪೊಟ್ಯಾಸಿಯಂ ಹಲವು ಪಟ್ಟು ಹೆಚ್ಚು. ಮುದ್ದೆ ಬಿಟ್ಟು ಇರಲಾರದವರು ಚಿಕ್ಕದೊಂದು ಮುದ್ದೆಗೆ ಒಪ್ಪಂದ ಮಾಡಿಕೊಂಡು, ತಿಂಗಳ ವರದಿ ನೋಡಿ ಮುಂದುವರಿಯಬಹುದು.

ಕರಾವಳಿ, ಮಲೆನಾಡಿನವರಿಗೆ ವಿಶೇಷವಾಗಿ: ಧಾರೆಹುಳಿ, ಎಂದರೆ ಕಮರಾಕ್ಷಿ ಹಣ್ಣನ್ನು ಮುಟ್ಟಲೇಬಾರದು. ಆರೋಗ್ಯವಂತರ ಕಿಡ್ನಿ ಹೊರಹಾಕುವ ಒಂದು ನರವಿಷ ಅದರಲ್ಲಿದೆ, ನಮ್ಮ ಮೈಯಲ್ಲಿ ಅದು ಉಳಿದುಬಿಡುತ್ತದೆ. ತಿಂದ ಕೆಲವು ಗಂಟೆಯಲ್ಲಿ ನಿಲ್ಲದ ಬಿಕ್ಕಳಿಕೆ ಶುರುವಾಗುತ್ತದೆ, ಆಮೇಲೆ ಗೊಂದಲ, ಫಿಟ್ಸ್, ಸಾವೂ ಆಗಿದೆ. ಬಿಕ್ಕಳಿಕೆ ಕಂಡ ಕೂಡಲೇ ಡಯಾಲಿಸಿಸ್‌ಗೆ ಓಡಬೇಕು.

ಕಿಡ್ನಿ ನಿಂತ ಮೇಲೆ ಕರುಳು ಪೊಟ್ಯಾಸಿಯಂ ಹೊರಹಾಕುವ ಕೆಲಸವನ್ನು ಸ್ವಲ್ಪ ತನ್ನ ಮೇಲೆ ಹಾಕಿಕೊಳ್ಳುತ್ತದೆ. ಅದಕ್ಕೇ ಮಲಬದ್ಧತೆ ನಮಗೆ ಬರೀ ಹೊಟ್ಟೆಯ ತೊಂದರೆಯಲ್ಲ. ವಾರದ ದೊಡ್ಡ ಬಿಡುವಿನ ಕೊನೆಯ ದಿನ ಅತ್ಯಂತ ಅಪಾಯದ್ದು. ಕಾಲು ಸೋತಂತಾಗುವುದು, ತೊಡೆ ಎತ್ತಲಾಗದಿರುವುದು, ನಾಡಿ ನಿಧಾನವಾಗುವುದು ಕಂಡರೆ ಬೆಳಗಿನ ತನಕ ಕಾಯದೆ ಇಸಿಜಿ ಇರುವ ಆಸ್ಪತ್ರೆಗೆ ಹೋಗಿ. ಅಲ್ಲಿ ಮೊದಲು ಹೃದಯ ಕಾಯಲು ಕ್ಯಾಲ್ಸಿಯಂ ಗ್ಲುಕೋನೇಟ್, ಪೊಟ್ಯಾಸಿಯಂ ಕೋಶಗಳೊಳಗೆ ತಳ್ಳಲು ಗ್ಲುಕೋಸ್ ಜೊತೆ ಇನ್ಸುಲಿನ್, ಸಾಲ್ಬುಟಮಾಲ್ ಆವಿ. ಇವೆಲ್ಲ ಕೆಲವು ಗಂಟೆಯ ಮಟ್ಟಿಗೆ, ಡಯಾಲಿಸಿಸ್ ಆಗುವ ತನಕ.

ಯಂತ್ರ ಪೂರ್ತಿಯಾಗಿ ಮಾಡಲಾರದ ಕೆಲಸಗಳೂ ಇವೆ. ಆಹಾರದ ಪ್ರೋಟೀನಿನಿಂದ ದಿನವೂ ಹುಟ್ಟುವ ಆಮ್ಲವನ್ನು ಕಿಡ್ನಿ ಹೊರಹಾಕುತ್ತಿತ್ತು. ಯಂತ್ರ ಅದರ ಬದಲು ದ್ರವದಿಂದ ಬೈಕಾರ್ಬೊನೇಟ್ ತುಂಬಿಕೊಡುತ್ತದೆ. ಮುಂದಿನ ಸಲದ ಹೊತ್ತಿಗೆ ಅದು ಖರ್ಚಾಗಿರುತ್ತದೆ. ಆಗ ಶ್ವಾಸಕೋಶ ಆಳವಾಗಿ ಉಸಿರಾಡಿ ಇಂಗಾಲಾಮ್ಲವನ್ನು ಕಳೆಯುತ್ತದೆ, ಮೂಳೆ ತನ್ನ ಕ್ಯಾಲ್ಸಿಯಂ ಕರಗಿಸಿ ಆಮ್ಲವನ್ನು ತಣಿಸುತ್ತದೆ. ಒಂದು ಅಂಗ ಕೈಬಿಟ್ಟ ಕೆಲಸವನ್ನು ಉಳಿದವು ಹೀಗೆ ತಮ್ಮ ಮೈ ಸವೆಸಿ ಮಾಡುತ್ತವೆ.

ರಂಜಕವಂತೂ (ಫಾಸ್ಫರಸ್) ಡಯಾಲಿಸಿಸ್‌ನಲ್ಲಿ ಸಾಕಷ್ಟು ಹೋಗುವುದೇ ಇಲ್ಲ. ಒಂದು ಸಲಕ್ಕೆ 800ರಿಂದ 1,000 ಮಿ.ಗ್ರಾಂ ಹೋದರೆ ಹೆಚ್ಚು. ನಾವು ದಿನಕ್ಕೇ ಅಷ್ಟು ತಿನ್ನುತ್ತೇವೆ. ಕರುಳು ಅದರಲ್ಲಿ ಅರ್ಧಕ್ಕೂ ಮಿಕ್ಕಿ ಹೀರಿಕೊಳ್ಳುವುದರಿಂದ ವಾರದ ಕೊನೆಗೆ ಜಮೆಯೇ ಹೆಚ್ಚು. ಅದಕ್ಕೆ ಸೆವೆಲಾಮರ್ ಅಥವಾ ಕ್ಯಾಲ್ಸಿಯಂ ಅಸಿಟೇಟ್ ಮಾತ್ರೆ. ಇವು ಅನ್ನದ ಜೊತೆ ಹೊಟ್ಟೆಗೆ ಹೋಗಿ ಅಲ್ಲಿಯೇ ರಂಜಕವನ್ನು ಹಿಡಿಯಬೇಕು. ಊಟವಾದ ಎರಡು ಗಂಟೆಗೆ ನುಂಗಿದರೆ ದುಡ್ಡು ದಂಡ. ರಂಜಕ ಏರಿದರೆ ಕತ್ತಿನ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳು ಕೆರಳಿ ಮೂಳೆಯಿಂದ ಕ್ಯಾಲ್ಸಿಯಂ ಎಳೆಯುತ್ತವೆ, ಮೈಯೆಲ್ಲ ನವೆ, ಮೂಳೆನೋವು. ರಕ್ತ ಹುಟ್ಟಿಸಲು ಕಿಡ್ನಿ ಕೊಡುತ್ತಿದ್ದ ಎರಿಥ್ರೊಪೊಯೆಟಿನ್ ಈಗ ಚುಚ್ಚುಮದ್ದಿನಲ್ಲಿ ಬರಬೇಕು, ಕಬ್ಬಿಣ ಸಾಲದಿದ್ದರೆ ಅದೂ ಕೆಲಸ ಮಾಡದು. ಹಿಮೋಗ್ಲೋಬಿನ್ 10ರಿಂದ 11.5 ಸಾಕು. 13ಕ್ಕೆ ಏರಿಸಲು ಹೋದರೆ ಪಾರ್ಶ್ವವಾಯುವಿನ, ರಕ್ತ ಹೆಪ್ಪುಗಟ್ಟುವ ಭಯ.

ಪ್ರೋಟೀನ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬಹಳ ಮನೆಗಳಲ್ಲಿದೆ. ಡಯಾಲಿಸಿಸ್‌ಗೆ ಮುಂಚೆ ಬೇಳೆ, ಮೊಟ್ಟೆ ಕಡಿಮೆ ಮಾಡಿ ಎಂದು ವೈದ್ಯರು ಹೇಳಿರುತ್ತಾರೆ. ಶುರುವಾದ ಮೇಲೂ ಅದನ್ನೇ ಪಾಲಿಸುತ್ತಾರೆ. ಡಯಾಲಿಸಿಸ್‌ನಲ್ಲಿ ಪ್ರೋಟೀನ್ ಕಳೆದುಹೋಗುವುದರಿಂದ ಈಗ ದಿನಕ್ಕೆ ಮೈಯ ಪ್ರತಿ ಕೆ.ಜಿ.ಗೆ 1ರಿಂದ 1.2 ಗ್ರಾಂ ಬೇಕು. ಮೊಟ್ಟೆಯ ಬಿಳಿಭಾಗ ಎಲ್ಲಕ್ಕಿಂತ ಒಳ್ಳೆಯದು, ರಂಜಕ ಅತಿ ಕಡಿಮೆ.

ಕೊನೆಯ ಅರ್ಧ ಗಂಟೆ ಉಳಿದಾಗ "ಸಾಕು, ತೆಗೆದುಬಿಡಪ್ಪ" ಎನ್ನುವ ಆಸೆಯನ್ನು ಬಲವಾಗಿ ತಡೆದುಕೊಳ್ಳಬೇಕು. ಸಮಯ ಕಡಿತವಾದರೆ ಅದೇ ನೀರು ಮೂರೂವರೆ ಗಂಟೆಯಲ್ಲಿ ಹೋಗಬೇಕು, ಇಲ್ಲವೇ ಮೈಯಲ್ಲೇ ಉಳಿಯಬೇಕು. ಡಯಾಲಿಸಿಸ್ ಸಾಕಷ್ಟಾಯಿತೇ ಎಂದು ತಿಂಗಳಿಗೊಮ್ಮೆ ಮೊದಲೂ ಕೊನೆಯೂ ಯೂರಿಯಾ ನೋಡುತ್ತಾರೆ, ಶೇ. 65 ಆದರೂ ಇಳಿದಿರಬೇಕು. ಮುಗಿದ ಅರ್ಧ ಮುಕ್ಕಾಲು ಗಂಟೆಯಲ್ಲಿ ಕೋಶಗಳಿಂದ ಯೂರಿಯಾ ಹೊರಬಂದು ರಕ್ತದಲ್ಲಿ ಮತ್ತೆ ಏರುತ್ತದೆ. ನಿಧಾನವಾಗಿ, ದೀರ್ಘವಾಗಿ ಮಾಡಿದಷ್ಟೂ ಈ ಮರು ಏರಿಕೆ ಕಡಿಮೆ.

ಸೂಜಿ ತೆಗೆದ ಮೇಲೆ ಎರಡು ಬೆರಳಿನಿಂದ ಹತ್ತು ನಿಮಿಷ ಒತ್ತಿ ಹಿಡಿಯಬೇಕು, ನಡುವೆ ಎತ್ತಿ ಎತ್ತಿ ನೋಡಬಾರದು. ತೀರ ಬಿಗಿಯಾಗಿ ಒತ್ತಿದರೆ ಫಿಸ್ಟುಲಾ ಕಟ್ಟಿಕೊಳ್ಳುತ್ತದೆ. ಪಟ್ಟಿ ಕಟ್ಟಿದ ಮೇಲೆ ಬೆರಳಿಟ್ಟು ಝುಮ್ಮೆನ್ನುವ ಕಂಪನ ಇದೆಯೇ ನೋಡಿ. ಮನೆಯಲ್ಲೂ ಬೆಳಗ್ಗೆ ಸಂಜೆ ನೋಡಿ. ಆ ಕೈಗೆ ಬಿಪಿ ಪಟ್ಟಿ, ರಕ್ತಪರೀಕ್ಷೆಯ ಸೂಜಿ, ಬಿಗಿ ಬಳೆ, ವಾಚು ಯಾವುದೂ ಬೇಡ. ಕಂಪನ ನಿಂತಿದ್ದರೆ ಮುಂದಿನ ಡಯಾಲಿಸಿಸ್ ದಿನದವರೆಗೆ ಕಾಯದೆ ಅಂದೇ ಹೋದರೆ ಹೆಪ್ಪು ತೆಗೆದು ಉಳಿಸಿಕೊಳ್ಳುವ ಅವಕಾಶ ಇರುತ್ತದೆ. ಮನೆಯಲ್ಲಿ ರಕ್ತ ಚಿಮ್ಮಿದರೆ ಟವೆಲ್ ಸುತ್ತುತ್ತಾ ಹೋಗಬೇಡಿ, ಬಟ್ಟೆ ಹೀರುತ್ತದೆ ಹೊರತು ನಿಲ್ಲಿಸುವುದಿಲ್ಲ. ರಂಧ್ರದ ಮೇಲೆ ಬೆರಳು ಗಟ್ಟಿಯಾಗಿ ಒತ್ತಿ, ಕೈ ಮೇಲೆತ್ತಿ, 108ಕ್ಕೆ ಕರೆಮಾಡಿ.

ಹೋಗುವ ಮುನ್ನ ಮತ್ತೆ ತೂಕ. ಈ ಅಂಕಿ ಡ್ರೈ ವೇಟಿಗೆ ಬಂದಿತೆಂದ ಮಾತ್ರಕ್ಕೆ ಲೆಕ್ಕ ಸರಿಯಾಯಿತು ಎನ್ನುವಂತಿಲ್ಲ, ಏಕೆಂದರೆ ಡ್ರೈ ವೇಟೇ ಬದಲಾಗುತ್ತಿರುತ್ತದೆ. ಶುರುವಿನ ತಿಂಗಳುಗಳಲ್ಲಿ ಹಸಿವು ಮರಳಿ ಮೈ ಕಟ್ಟುತ್ತದೆ. ಮಾಂಸ ಎರಡು ಕೆ.ಜಿ. ಹೆಚ್ಚಿದ್ದರೂ ಹಳೇ ಅಂಕಿಗೇ ಇಳಿಸಿದರೆ ಪ್ರತಿ ಸಲ ಬಿಪಿ ಬೀಳುತ್ತದೆ, ಕಾಲು ಹಿಡಿಯುತ್ತದೆ, ದನಿ ಕುಗ್ಗುತ್ತದೆ. ಟೈಫಾಯ್ಡ್, ನ್ಯುಮೋನಿಯಾ ಬಂದು ಹತ್ತು ದಿನ ಊಟ ಬಿಟ್ಟರೆ ಇದು ತಿರುಗುಮುರುಗು: ಮಾಂಸ ಕರಗಿದ ಜಾಗದಲ್ಲಿ ನೀರು ತುಂಬಿಕೊಳ್ಳುತ್ತದೆ. ತೂಕ ಅದೇ 60 ತೋರಿಸುತ್ತಿರುತ್ತದೆ, ಆದರೆ ರಾತ್ರಿ ಮಲಗಿದರೆ ಉಸಿರು ಕಟ್ಟಿ ಎದ್ದು ಕೂರಬೇಕಾಗುತ್ತದೆ. ಆದ್ದರಿಂದ ಜ್ವರ, ಆಸ್ಪತ್ರೆವಾಸ ಆದ ಮೇಲಿನ ಮೊದಲ ಡಯಾಲಿಸಿಸ್‌ನಲ್ಲೇ "ಡ್ರೈ ವೇಟ್ ಮತ್ತೆ ನೋಡಿ ಡಾಕ್ಟ್ರೇ" ಎಂದು ಬಾಯಿಬಿಟ್ಟು ಕೇಳಬೇಕು, ಇಳಿಸುವುದಾದರೂ ಒಂದು ಸಲಕ್ಕೆ ಕಾಲು ಅರ್ಧ ಕೆ.ಜಿ.ಯಂತೆ ಇಳಿಸಿಕೊಳ್ಳಬೇಕು.